ಯಂತ್ರ ನಿಂತರೂ ನಿಲ್ಲದ ಕಂತು

(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಉದ್ಯಮಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮಸ್ಕಾರ. ಲೀಸ್ ಮೇಲೆ, ಅಂದರೆ ಕೊಳ್ಳದೆ ತಿಂಗಳ ಕಂತಿನ ಕರಾರಿನಲ್ಲಿ, ಯಂತ್ರ ತರುವುದರ ಅನುಕೂಲಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ನನ್ನನ್ನು ಕರೆದರು. ಅನುಕೂಲಗಳನ್ನು ಹೇಳುವುದಕ್ಕೆ ಲೀಸ್ ಕಂಪನಿಗಳ ಏಜೆಂಟರು ಇದ್ದೇ ಇದ್ದಾರೆ. ತಾರಿಹಾಳದಿಂದ ಧಾರವಾಡದ ಬೇಲೂರಿನವರೆಗೆ ಒಂದು ಶೆಡ್ಡನ್ನೂ ಬಿಡದೆ ಸುತ್ತುತ್ತಾರೆ, ಒಂದು ಕಪ್ ಚಹಾ ಕೊಟ್ಟರೆ ಅರ್ಧ ತಾಸು ಹೇಳುತ್ತಾರೆ. ಆದ್ದರಿಂದ ಅವರು ಹೇಳದೆ ಬಿಡುವ ಭಾಗವನ್ನು ನಾನು ಎತ್ತಿಕೊಳ್ಳುತ್ತೇನೆ. ಐದು ವರ್ಷಕ್ಕೆಂದು ತಂದ ಯಂತ್ರ ಎರಡೇ ವರ್ಷಕ್ಕೆ ಬೇಡವಾದರೆ ಏನೇನು ತೆರಬೇಕಾಗುತ್ತದೆ ಎಂಬುದು ನನ್ನ ವಿಷಯ.

ಬೇಡವಾಗುವುದಕ್ಕೆ ಕಾರಣಗಳು ಹಲವು. ಆರ್ಡರ್ ಕೊಡುತ್ತಿದ್ದ ದೊಡ್ಡ ಕಾರ್ಖಾನೆ ಬೇರೆಯವರನ್ನು ಹಿಡಿದಿರುತ್ತದೆ. ಪಾಲುದಾರರು ಬೇರೆಯಾಗಿರುತ್ತಾರೆ. ಯಂತ್ರ ನಡೆಸುವ ಹುಡುಗ ಪುಣೆಗೆ ಹೋಗಿರುತ್ತಾನೆ, ಅವನಷ್ಟು ಕೈಪಳಗಿದವನು ಮತ್ತೆ ಸಿಗುವುದಿಲ್ಲ. ಆಗ ಮಾಲೀಕರು ಕಡತ ಹಿಡಿದು ನಮ್ಮಂಥ ಆಡಿಟರುಗಳ ಬಳಿ ಬರುತ್ತಾರೆ. ಮೊದಲ ಮಾತು ಹೆಚ್ಚೂ ಕಡಿಮೆ ಎಲ್ಲರದೂ ಒಂದೇ: “ಸಾಹೇಬರೇ, ಯಂತ್ರ ಅವರದು, ಅವರು ಒಯ್ಯಲಿ. ಇನ್ನು ಕಂತು ಯಾತಕ್ಕೆ?”

ಪ್ರಶ್ನೆ ಸಹಜವಾದದ್ದು. ನಾವು ದುರ್ಗದಬೈಲಿನಲ್ಲೊಂದು ಮಳಿಗೆ ಬಾಡಿಗೆಗೆ ಹಿಡಿದರೆ ಮೂರು ತಿಂಗಳ ಮುಂಚೆ ಹೇಳಿ ಬಿಟ್ಟುಕೊಡಬಹುದು. ಮಳಿಗೆ ಮೊದಲೇ ಇತ್ತು, ನಾವು ಹೋದರೆ ಇನ್ನೊಬ್ಬರು ಬರುತ್ತಾರೆ. ಯಂತ್ರದ ಲೀಸ್‌ನಲ್ಲಿ ನಡೆಯುವುದೇ ಬೇರೆ. ಯಾವ ಕಂಪನಿಯ ಯಂತ್ರ, ಯಾವ ಮಾದರಿ, ಎಷ್ಟು ಬೆಲೆ ಎಂಬುದನ್ನೆಲ್ಲ ಮಾರಾಟಗಾರನೊಂದಿಗೆ ಕುಳಿತು ಚೌಕಾಸಿ ಮಾಡಿದವರು ನೀವು. ಲೀಸ್ ಕಂಪನಿ ನಿಮ್ಮ ಆಯ್ಕೆಗೆ ಹಣ ಕೊಟ್ಟಿದೆ, ಅಷ್ಟೆ. ಆ ಯಂತ್ರವನ್ನು ಅದು ಕಣ್ಣಿಂದಲೂ ನೋಡಿರುವುದಿಲ್ಲ. ಹಾಕಿದ ಅಸಲು, ಅದರ ಬಡ್ಡಿ, ತನ್ನ ಲಾಭ ಎಲ್ಲವೂ 60 ಕಂತುಗಳಲ್ಲಿ ಬರಬೇಕು ಎಂದು ಲೆಕ್ಕ ಹಾಕಿಯೇ ಕರಾರು ಬರೆದಿರುತ್ತದೆ. ಅದಕ್ಕೇ ಆ ಕರಾರಿನಲ್ಲಿ ಯಂತ್ರ ಕೆಟ್ಟರೂ, ಕೆಲಸ ಇಲ್ಲದಿದ್ದರೂ, ಮಾರಾಟಗಾರ ಸರ್ವಿಸ್ ಕೊಡದೆ ಸತಾಯಿಸಿದರೂ ಕಂತು ತಪ್ಪುವಂತಿಲ್ಲ ಎಂಬ ಒಂದು ಷರತ್ತು ಇದ್ದೇ ಇರುತ್ತದೆ.

ಎಲ್ಲ ಲೀಸ್‌ಗಳೂ ಹೀಗಿಲ್ಲ. ಜನರೇಟರ್, ಕಂಪ್ರೆಸರ್, ಜೆಸಿಬಿ ಇವನ್ನು ತಿಂಗಳುಗಟ್ಟಲೆ ಬಾಡಿಗೆಗೆ ಕೊಡುವವರು ಅದೇ ಯಂತ್ರವನ್ನು ಹತ್ತಾರು ಜನರಿಗೆ ತಿರುಗಿಸುತ್ತಾರೆ. ಅಲ್ಲಿ ಬಿಡುವುದು ಸುಲಭ, ಮಾಸಿಕ ದರ ಮಾತ್ರ ದುಬಾರಿ. ಲೆಕ್ಕಶಾಸ್ತ್ರದ ಮಾನದಂಡಗಳಲ್ಲಿ ಇದು ಆಪರೇಟಿಂಗ್ ಲೀಸ್. ಯಂತ್ರದ ಲಾಭ-ನಷ್ಟದ ಹೊಣೆ ಬಹುಪಾಲು ಬಳಸುವವನ ತಲೆಗೇ ಬಂದರೆ ಅದು ಫೈನಾನ್ಸ್ ಲೀಸ್. ಇಲ್ಲೊಂದು ವಿಚಿತ್ರವಿದೆ. ಹೊಣೆ ನಿಮ್ಮದಾದರೂ ಆದಾಯ ತೆರಿಗೆಯಲ್ಲಿ ಸವಕಳಿಯ ಲಾಭ ಸಾಮಾನ್ಯವಾಗಿ ಮಾಲೀಕನಾದ ಲೀಸ್ ಕಂಪನಿಗೇ ಹೋಗುತ್ತದೆ. ಸುಪ್ರೀಂ ಕೋರ್ಟ್ 2013ರಲ್ಲಿ, ಲೀಸ್‌ಗೆ ಕೊಟ್ಟ ವಾಹನಗಳ ಪ್ರಕರಣವೊಂದರಲ್ಲಿ, ಇದನ್ನು ಎತ್ತಿಹಿಡಿಯಿತು. ಇವತ್ತು ನಾನು ಆಡುವ ಮಾತೆಲ್ಲ ಈ ಎರಡನೆಯ ಬಗೆಯ ಲೀಸ್ ಕುರಿತದ್ದು.

ಈಗ ಲೆಕ್ಕಕ್ಕೆ ಬರೋಣ. ಗದಗ-ಬೆಟಗೇರಿ ಹಿಂದಿನಿಂದಲೂ ಮುದ್ರಣಕ್ಕೆ ಹೆಸರಾದ ಊರು, ಹಾಗಾಗಿ ಅಲ್ಲಿನ ಒಂದು ಪ್ರೆಸ್ ಎಂದೇ ಇಟ್ಟುಕೊಳ್ಳಿ. ಅವರು 24 ಲಕ್ಷ ರೂಪಾಯಿಯ ಡಿಜಿಟಲ್ ಮುದ್ರಣ ಯಂತ್ರವನ್ನು 60 ತಿಂಗಳ ಲೀಸ್ ಮೇಲೆ ತಂದಿದ್ದಾರೆ. ತಿಂಗಳ ಕಂತು 50 ಸಾವಿರ, ಮೇಲೆ ಜಿಎಸ್‌ಟಿ. ಮೂರು ಕಂತಿನಷ್ಟು, ಅಂದರೆ ಒಂದೂವರೆ ಲಕ್ಷ, ಬಡ್ಡಿಯಿಲ್ಲದ ಠೇವಣಿ. ಅವಧಿ ಮುಗಿದಾಗ ಯಂತ್ರಕ್ಕೆ ಶೇ 10ರಷ್ಟು, ಅಂದರೆ 2 ಲಕ್ಷ 40 ಸಾವಿರ ಬೆಲೆ ಉಳಿದಿರುತ್ತದೆ ಎಂದು ಲೀಸ್ ಕಂಪನಿ ಎಣಿಸಿದೆ. ಇಷ್ಟನ್ನು ಕ್ಯಾಲ್ಕುಲೇಟರಿಗೆ ಹಾಕಿದರೆ ಹೆಚ್ಚೂ ಕಡಿಮೆ ವರ್ಷಕ್ಕೆ ಶೇ 12ರ ಬಡ್ಡಿ ಹೊರಬೀಳುತ್ತದೆ. ಆ ದರವನ್ನು ಕರಾರಿನಲ್ಲಿ ಹುಡುಕಬೇಡಿ, ಎಷ್ಟೋ ಸಲ ಬರೆದಿರುವುದೇ ಇಲ್ಲ.

26 ಕಂತು ಕಟ್ಟಿದ ಮೇಲೆ ಅವರಿಗೆ ಯಂತ್ರ ಬೇಡವಾಯಿತು. ಮಾಲೀಕರ ಮನಸ್ಸಿನ ಲೆಕ್ಕ ಸರಳ: 24 ಲಕ್ಷದಲ್ಲಿ 13 ಲಕ್ಷ ಕಟ್ಟಿದೆ, ಉಳಿದದ್ದು 11. ಲೀಸ್ ಕಂಪನಿಯ ಪುಸ್ತಕ ತೆರೆದರೆ ಅಲ್ಲಿ, ಕೊನೆಗೆ ಯಂತ್ರಕ್ಕೆ ಉಳಿಯುವ ಬೆಲೆಯೂ ಸೇರಿ, ಇನ್ನೂ 16 ಲಕ್ಷದಷ್ಟು ಬಾಕಿ ನಿಂತಿರುತ್ತದೆ. ಕಟ್ಟಿದ 13ರಲ್ಲಿ ಅಸಲಿಗೆ ಜಮೆಯಾದದ್ದು ಸುಮಾರು 8 ಲಕ್ಷ ಮಾತ್ರ, ಮಿಕ್ಕ 5 ಲಕ್ಷ ಬಡ್ಡಿಗೆ ಹೋಗಿದೆ. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲು ಕೊನೆಯ ವರ್ಷಗಳಿಗಿಂತ ಹೆಚ್ಚು. ಗೃಹಸಾಲ ತೀರಿಸುತ್ತಿರುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಂತದಲ್ಲಿ ಲೀಸ್ ಕಂಪನಿಯನ್ನು ಮೋಸಗಾರ ಎಂದು ಬೈಯುವವರಿದ್ದಾರೆ. ನನ್ನ ಮಟ್ಟಿಗೆ ಅಲ್ಲಿ ಮೋಸ ಇಲ್ಲ. ತಕರಾರು ಎತ್ತಬೇಕಾದ ಜಾಗ ಬೇರೆಯೇ ಇದೆ.

ಉಳಿದ ಕಂತು 34, ಮೊತ್ತ 17 ಲಕ್ಷ. ಇದನ್ನು ಹೇಗೆ ಕೇಳುತ್ತಾರೆ ಎಂಬುದರಲ್ಲಿ ಎಲ್ಲವೂ ಇದೆ. ಕೆಲವು ಕರಾರುಗಳು ಯಾವ ಕಡಿತವೂ ಇಲ್ಲದೆ ಪೂರ್ತಿ 17 ಲಕ್ಷ ಕೇಳುತ್ತವೆ. ಮೂರು ವರ್ಷಗಳಲ್ಲಿ ಬರಬೇಕಿದ್ದ ಹಣ ಇವತ್ತೇ ಬಂದರೆ ಅದರ ಮೇಲಿನ ಬಡ್ಡಿಯೂ ಅವರಿಗೇ ಎಂದಾಯಿತು. ಇನ್ನು ಕೆಲವು, ಮುಂದಿನ ಕಂತುಗಳನ್ನು ಇಂದಿನ ಬೆಲೆಗೆ ಇಳಿಸಿ, ಅಂದರೆ ಹಣ ಮುಂಚೆಯೇ ಬರುವುದರಿಂದ ಅಷ್ಟು ದಿನದ ಬಡ್ಡಿ ಕಳೆದು, ಕೇಳುತ್ತವೆ. ಶೇ 12ರ ದರದಲ್ಲಿ ಇಳಿಸಿದರೆ 34 ಕಂತಿನ ಇಂದಿನ ಬೆಲೆ 14 ಲಕ್ಷ 35 ಸಾವಿರ. ಕರಾರಿನಲ್ಲಿ ಶೇ 6ರ ದರದಲ್ಲಿ ಇಳಿಸಬೇಕು ಎಂದಿದ್ದರೆ ಅದೇ 15 ಲಕ್ಷ 60 ಸಾವಿರ. ಶೇ 6 ಎಂಬ ಅಂಕಿ ಕಂಡ ಕೂಡಲೇ ನಮ್ಮವರಿಗೆ ಖುಷಿಯಾಗುತ್ತದೆ, ಬಡ್ಡಿ ಕಡಿಮೆ ಎಂದುಕೊಳ್ಳುತ್ತಾರೆ. ಇಲ್ಲಿ ಅದು ಉಲ್ಟಾ. ಇಳಿಸುವ ದರ ಕಡಿಮೆಯಾದಷ್ಟೂ ನೀವು ಕೊಡುವುದು ಹೆಚ್ಚು. ಆ ಒಂದು ಅಂಕಿಗೆ ಒಂದೂಕಾಲು ಲಕ್ಷ ಹೋಯಿತು.

ಇದಕ್ಕಿಂತ ದೊಡ್ಡ ಸಂಗತಿ ಯಂತ್ರದ್ದು. ಒಯ್ದ ಯಂತ್ರವನ್ನು ಅವರು ಗೋದಾಮಿನಲ್ಲಿ ಇಟ್ಟು ಪೂಜೆ ಮಾಡುವುದಿಲ್ಲ, ಮಾರುತ್ತಾರೆ ಇಲ್ಲವೇ ಇನ್ನೊಬ್ಬರಿಗೆ ಲೀಸ್ ಕೊಡುತ್ತಾರೆ. 9 ಲಕ್ಷಕ್ಕೆ ಹೋಯಿತು ಎನ್ನೋಣ. ಆ 9 ಲಕ್ಷ ನಿಮ್ಮ ಲೆಕ್ಕಕ್ಕೆ ಜಮೆಯಾಗಬೇಕು ಎಂದು ಕರಾರಿನಲ್ಲಿದ್ದರೆ, ಪುಸ್ತಕದ 16 ಲಕ್ಷದಲ್ಲಿ 9 ಕಳೆದು, ಠೇವಣಿಯ ಒಂದೂವರೆ ಕಳೆದು, ನಿಮ್ಮ ಕೈಯಿಂದ ಐದೂವರೆ ಲಕ್ಷ ಹೋಗುತ್ತದೆ. ಆ ಮಾತು ಕರಾರಿನಲ್ಲಿ ಇಲ್ಲದಿದ್ದರೆ? 14 ಲಕ್ಷ 35 ಸಾವಿರದಲ್ಲಿ ಠೇವಣಿ ಮಾತ್ರ ಕಳೆದು 12 ಲಕ್ಷ 85 ಸಾವಿರ ಕೇಳುತ್ತಾರೆ, ಯಂತ್ರವೂ ಅವರಿಗೇ. ವ್ಯತ್ಯಾಸ 7 ಲಕ್ಷಕ್ಕೂ ಹೆಚ್ಚು. ಇಪ್ಪತ್ತು ಪುಟದ ಕರಾರಿನಲ್ಲಿ ಒಂದೇ ಒಂದು ವಾಕ್ಯದ ಬೆಲೆ ಅದು. ಸಹಿ ಹಾಕುವ ದಿನ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಇಳಿಸಿಕೊಳ್ಳಲು ಎರಡು ದಿನ ಜಗ್ಗಾಡುವವರು ಈ ವಾಕ್ಯ ಇದೆಯೇ ಎಂದು ಒಂದು ಸಲವೂ ಕೇಳುವುದಿಲ್ಲ. ಇವತ್ತು ನಾನು ಹೇಳಲು ಬಂದದ್ದರಲ್ಲಿ ಮುಖ್ಯವಾದದ್ದು ಇದೇ: ಬಿಡುವ ದಿನದ ಖರ್ಚು ಹಿಡಿಯುವ ದಿನವೇ ತೀರ್ಮಾನವಾಗಿರುತ್ತದೆ.

ಇದರ ಮೇಲೆ ಜಿಎಸ್‌ಟಿ ಬರುತ್ತದೆ. ‘ದಂಡಕ್ಕೆ ತೆರಿಗೆ ಇಲ್ಲ’ ಎಂಬ ಮಾತು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ, ಅದು ಅರ್ಧ ಸತ್ಯ. 2022ರ ಆಗಸ್ಟ್ 3ರ ಕೇಂದ್ರದ ಸುತ್ತೋಲೆ ಈ ವಿಷಯವನ್ನು ಬಿಡಿಸಿ ಹೇಳಿದೆ. ಕರಾರು ಮುರಿದದ್ದಕ್ಕೆ ಕೊಡುವ ನಷ್ಟಪರಿಹಾರಕ್ಕೆ ಜಿಎಸ್‌ಟಿ ಇಲ್ಲ. ಆದರೆ ಕರಾರಿನಲ್ಲೇ ಒಪ್ಪಿಕೊಂಡಂತೆ ಲೀಸನ್ನು ಅವಧಿಗೆ ಮೊದಲೇ ಮುಗಿಸಲು ಕೊಡುವ ಹಣ ಒಂದು ಸೌಲಭ್ಯಕ್ಕೆ ಕೊಟ್ಟ ಬೆಲೆ, ಅದನ್ನು ದಂಡ ಎಂದು ಕರೆದಿದ್ದರೂ ತೆರಿಗೆ ಇದೆ. ಶೇ 18ರಂತೆ 14 ಲಕ್ಷ 35 ಸಾವಿರದ ಮೇಲೆ 2 ಲಕ್ಷ 58 ಸಾವಿರ. ವ್ಯವಹಾರ ನಡೆಯುತ್ತಿದ್ದರೆ ಇದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ತಿರುಗಿ ಬರುತ್ತದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ರಾಜಿ ಯೋಜನೆ, ಅಂದರೆ ಕಾಂಪೊಸಿಷನ್‌ನಲ್ಲಿ ಇರುವವರಿಗೆ ಕ್ರೆಡಿಟ್ ಇಲ್ಲ, ಅಷ್ಟೂ ಖರ್ಚೇ. ಬಾಗಿಲು ಹಾಕುತ್ತಿರುವವರು ಇನ್ನೂ ಹುಷಾರಾಗಿರಬೇಕು. ಜಿಎಸ್‌ಟಿ ನೋಂದಣಿಯನ್ನು ಮೊದಲು ಒಪ್ಪಿಸಿಬಿಟ್ಟು ಆಮೇಲೆ ಲೀಸ್ ಕಂಪನಿಯ ಇನ್‌ವಾಯ್ಸ್ ಬಂದರೆ ಆ ಕ್ರೆಡಿಟ್ ಯಾರಿಗೂ ಇಲ್ಲ. ಇರುವ ದಾಸ್ತಾನು ಮಾರುವಾಗ ಬರುವ ತೆರಿಗೆಗೆ ಈ ಕ್ರೆಡಿಟ್ಟನ್ನು ಹೊಂದಿಸುವಂತೆ ದಿನ ನೋಡಿ ಹೆಜ್ಜೆ ಇಡಬೇಕು.

ಇನ್ನು ಯಂತ್ರ ವಾಪಸು ಕಳಿಸುವ ಖರ್ಚು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಬೆಟಗೇರಿಯ ಒಂದು ಓಣಿಯಲ್ಲಿ ಯಂತ್ರ ಹೊರಬರುವುದನ್ನು ನಾನು ನಿಂತು ನೋಡಿದ್ದೇನೆ. ಒಳಗೆ ತಂದಾಗ ಇದ್ದ ದೊಡ್ಡ ಬಾಗಿಲಿನ ಜಾಗದಲ್ಲಿ ಅಷ್ಟರಲ್ಲಿ ಗೋಡೆ ಎದ್ದಿತ್ತು. ಗೋಡೆ ಒಡೆದರು. ಓಣಿಗೆ ಕ್ರೇನ್ ಬಾರದೆ ಹಮಾಲರು ಕಬ್ಬಿಣದ ಪೈಪುಗಳ ಮೇಲೆ ಯಂತ್ರವನ್ನು ಇಂಚಿಂಚೇ ಉರುಳಿಸುತ್ತಾ ರಸ್ತೆಗೆ ತಂದರು. ಯಂತ್ರ ಬಿಚ್ಚಲು ಅದನ್ನು ತಯಾರಿಸಿದ ಕಂಪನಿಯ ಎಂಜಿನಿಯರೇ ಬರಬೇಕು, ಅವರ ದಿನದ ಶುಲ್ಕ ಬೇರೆ. ಸಾಗಣೆ, ದಾರಿಯ ವಿಮೆ ನಿಮ್ಮದು. ಸರಕಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್ ಬೇಕು, ಜೊತೆಗೆ ಡೆಲಿವರಿ ಚಲನ್. ಗೋದಾಮು ತಲುಪಿದ ಮೇಲೆ ತಪಾಸಣೆ: ಸ್ಟೆಬಿಲೈಸರ್ ಎಲ್ಲಿ, ಸಾಫ್ಟ್‌ವೇರಿನ ಡಾಂಗಲ್ ಎಲ್ಲಿ, ಈ ಗೀರು ಯಾಕೆ, ರೋಲರ್ ಸವೆದಿದೆಯಲ್ಲ ಎಂದು ಒಂದೊಂದಕ್ಕೂ ಬಿಲ್. ‘ಸಹಜ ಸವೆತ’ ಎಂದರೆ ಎಷ್ಟು ಎಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಅದನ್ನು ತೀರ್ಮಾನಿಸುವವರು ಅವರೇ. ಬಹಳಷ್ಟು ಕರಾರುಗಳಲ್ಲಿ ಯಂತ್ರ ಗೋದಾಮಿಗೆ ಸೇರಿ ರಸೀದಿ ಆಗುವವರೆಗೂ ಬಾಡಿಗೆ ಓಡುತ್ತಿರುತ್ತದೆ. ಆದ್ದರಿಂದ ಬಿಚ್ಚುವ ಮೊದಲು, ಯಂತ್ರ ಓಡುತ್ತಿರುವಾಗಲೇ ವಿಡಿಯೊ ಮಾಡಿಕೊಳ್ಳಿ, ಸೀರಿಯಲ್ ನಂಬರ್ ಮತ್ತು ಮೀಟರಿನ ಅಂಕಿ ಕಾಣುವಂತೆ.

ಹುಬ್ಬಳ್ಳಿಯಲ್ಲಿ ಡಯಾಗ್ನೊಸ್ಟಿಕ್ ಕೇಂದ್ರಗಳು ಬಹಳ, ಅದಕ್ಕೇ ಒಂದು ಮಾತು. ಅಲ್ಟ್ರಾಸೌಂಡ್ ಯಂತ್ರ ಲೀಸ್ ಮೇಲೆ ತಂದವರು ಬೇಡ ಎಂದ ಕೂಡಲೇ ಟೆಂಪೊಗೆ ಹೇರಿ ಕಳಿಸುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಆ ಯಂತ್ರ ನಿಮ್ಮ ಕೇಂದ್ರದ ಹೆಸರಿಗೆ ನೋಂದಣಿಯಾಗಿರುತ್ತದೆ. ಯಂತ್ರದಲ್ಲಿ ಬದಲಾವಣೆ ಇದ್ದರೆ ಸಕ್ಷಮ ಪ್ರಾಧಿಕಾರಕ್ಕೆ ಮುಂಚೆಯೇ ತಿಳಿಸಬೇಕು. ಎಕ್ಸ್-ರೇ, ಸಿ.ಟಿ. ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಈ ಕಾಗದಪತ್ರ ಮುಗಿಯುವವರೆಗೆ ಯಂತ್ರ ಕದಲುವುದಿಲ್ಲ, ಯಂತ್ರ ಕದಲುವವರೆಗೆ ಕಂತು ನಿಲ್ಲುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರಿಗೆ ಸಿಟ್ಟು ಬಂದು, ಬ್ಯಾಂಕಿಗೆ ಹೋಗಿ ಕಂತು ಕಟ್ಟಾಗುವುದನ್ನು ನಿಲ್ಲಿಸಿಬಿಡುತ್ತಾರೆ. ಬಡವನ ಕೋಪ ದವಡೆಗೆ ಮೂಲ. ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ. ಚೆಕ್ ಬದಲು ನ್ಯಾಚ್ ಮೂಲಕ ಖಾತೆಯಿಂದ ಕಡಿತವಾಗುವ ವ್ಯವಸ್ಥೆಯಿದ್ದರೆ ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಕಲಂ ಇದೆ. ಎರಡರಲ್ಲೂ ಎರಡು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಹಣದ ಜಗಳವಾಗಿದ್ದದ್ದು ಅಲ್ಲಿಗೆ ಕ್ರಿಮಿನಲ್ ಕೋರ್ಟಿಗೆ ಹೋಯಿತು. ಯಂತ್ರವನ್ನು ಗುಪ್ತವಾಗಿ ಮಾರುವ ಯೋಚನೆ ಇದ್ದವರು ಅದನ್ನು ಇಲ್ಲೇ ಬಿಟ್ಟು ಹೋಗಿ, ಅದು ನಂಬಿಕೆ ದ್ರೋಹದ ಅಪರಾಧ. ಇನ್ನು, ಕಂಪನಿ ಮುಚ್ಚಿದರೆ ಸಾಲವೂ ಮುಗಿಯಿತು ಎಂದುಕೊಂಡವರು ತಾವು, ತಮ್ಮ ಅಣ್ಣ, ತಮ್ಮ ಮಾವ ಎಲ್ಲಿ ಸಹಿ ಹಾಕಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಲಿ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ.

ಹಾಗಾದರೆ ಅವರು ಕೇಳಿದಷ್ಟನ್ನೂ ಕೊಡಬೇಕೇ? ಬೇಕಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಎಷ್ಟೇ ದೊಡ್ಡ ದಂಡ ಬರೆದಿರಲಿ, ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಮಾತ್ರ. ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ನಷ್ಟವೇ ಆಗದಿದ್ದರೆ ಈ ಕಲಂ ಅಡಿ ಪರಿಹಾರವೂ ಇಲ್ಲ ಎಂದು ಸ್ಪಷ್ಟಪಡಿಸಿತು. 73ನೇ ಕಲಂನ ವಿವರಣೆ ಇನ್ನೂ ಉಪಯುಕ್ತ: ನಷ್ಟವನ್ನು ಸರಿದೂಗಿಸಿಕೊಳ್ಳಲು ಇದ್ದ ದಾರಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತದೆ. ಅಂದರೆ ಯಂತ್ರವನ್ನೂ ಒಯ್ದು, ಮಾರಿ, 17 ಲಕ್ಷವನ್ನೂ ಕೇಳುವವರಿಗೆ ‘ನಿಮಗಾದ ನಷ್ಟ ಎಷ್ಟು, ತೋರಿಸಿ’ ಎಂದು ಕೇಳುವ ಹಕ್ಕು ನಿಮಗಿದೆ. ಈ ಮಾತನ್ನು ಪತ್ರದಲ್ಲಿ ಸಭ್ಯವಾಗಿ ಬರೆದರೇ ಸಾಕು, ಎಷ್ಟೋ ಕಡೆ ಅಂಕಿ ಇಳಿಯುತ್ತದೆ.

ಕೋರ್ಟಿನವರೆಗೆ ಹೋಗುವುದು ಬೇರೆ ಮಾತು. ಕರಾರಿನಲ್ಲಿ ಮಧ್ಯಸ್ಥಿಕೆಯ ಸ್ಥಳ ಮುಂಬೈ ಅಥವಾ ಚೆನ್ನೈ ಎಂದಿರುತ್ತದೆ. ನಮಗೆ ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದ್ದರೂ ಆ ಸಾಲಿನಿಂದಾಗಿ ಮುಂಬೈ ರೈಲು ಹತ್ತಬೇಕು. ಮಧ್ಯಸ್ಥಗಾರನನ್ನು ಲೀಸ್ ಕಂಪನಿಯೇ ಏಕಪಕ್ಷೀಯವಾಗಿ ನೇಮಿಸುತ್ತದೆ ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಮಣಿಯಬೇಕಿಲ್ಲ. ವ್ಯಾಜ್ಯದಲ್ಲಿ ಪಾಲಿರುವವರು ಒಬ್ಬನೇ ಮಧ್ಯಸ್ಥಗಾರನನ್ನು ತಾವೇ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಬಿಡುವುದಕ್ಕೂ ಮೊದಲು ಇನ್ನೊಂದು ಲೆಕ್ಕ ಮಾಡಿ. ಯಂತ್ರ ಓಡಿದರೂ ನಿಂತರೂ ಕಂತು ಕೊಡುವುದೇ ಆದರೆ ಆ 50 ಸಾವಿರವನ್ನು ಲೆಕ್ಕದಿಂದ ಪಕ್ಕಕ್ಕಿಡಿ. ಉಳಿದ ಪ್ರಶ್ನೆ ಒಂದೇ: ಯಂತ್ರ ತನ್ನ ಕರೆಂಟ್ ಬಿಲ್, ಆಪರೇಟರನ ಪಗಾರ, ಇಂಕು, ಸರ್ವಿಸ್ ಇಷ್ಟನ್ನು ದುಡಿಯುತ್ತಿದೆಯೇ? ಅದಕ್ಕಿಂತ ಹತ್ತು ಸಾವಿರ ಹೆಚ್ಚು ದುಡಿದರೂ ಆ ಹತ್ತು ಸಾವಿರ ನಿಮ್ಮ ನಷ್ಟವನ್ನು ತಗ್ಗಿಸುತ್ತದೆ. ‘ಕಂತು ಹುಟ್ಟುತ್ತಿಲ್ಲ’ ಎಂಬ ಒಂದೇ ಕಾರಣಕ್ಕೆ ಯಂತ್ರ ನಿಲ್ಲಿಸಿದವರನ್ನು ನೋಡಿದ್ದೇನೆ. ಕಂತು ಹುಟ್ಟದಿದ್ದರೂ ಅರ್ಧ ಕಂತು ಹುಟ್ಟುತ್ತಿತ್ತು, ಅದೂ ಹೋಯಿತು.

ಓಡಿಸಲು ಆಗುವುದೇ ಇಲ್ಲ ಎಂದಾದರೆ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಅಗ್ಗದ ದಾರಿ ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ಅದೇ ಯಂತ್ರ ಬೇಕಾದವರು ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಇರುತ್ತಾರೆ. ಲೀಸ್ ಕಂಪನಿ ಒಪ್ಪಬೇಕು, ಹೊಸಬರ ಪತ್ರಗಳನ್ನು ನೋಡಿ ಒಂದಿಷ್ಟು ಶುಲ್ಕ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ಜಾಮೀನು ಬಿಡುಗಡೆಯಾಯಿತು ಎಂದು ಲಿಖಿತವಾಗಿ ಬರಬೇಕು. ಇಲ್ಲದಿದ್ದರೆ ಅವರು ತಪ್ಪಿಸಿದ ಕಂತಿಗೆ ನಿಮ್ಮ ಮನೆ ಬಾಗಿಲು ಬಡಿಯುತ್ತಾರೆ. ಹೆಚ್ಚು ಎಚ್ಚರ ಬೇಕಾದದ್ದು ‘ಹಳೆಯದನ್ನು ಕೊಡಿ, ಹೊಸ ಮಾದರಿ ಒಯ್ಯಿರಿ’ ಎಂಬ ಆಹ್ವಾನಕ್ಕೆ. ಹಳೆಯ ಬಾಕಿಯನ್ನು ಸದ್ದಿಲ್ಲದೆ ಹೊಸ ಕಂತಿನೊಳಗೆ ಸೇರಿಸಿರುತ್ತಾರೆ. ಹೋದ ಯಂತ್ರಕ್ಕೂ ಬಂದ ಯಂತ್ರಕ್ಕೂ ಸೇರಿ ಬಡ್ಡಿ ಕಟ್ಟುತ್ತಾ ಮತ್ತೆ ಐದು ವರ್ಷ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವಧಿಗೆ ಮುಂಚೆ ಸಾಲ ತೀರಿಸಿದರೆ ಶುಲ್ಕ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆಯಲ್ಲ ಎಂದು ಒಬ್ಬರು ಕೇಳಿದರು. ಹೇಳಿರುವುದು ನಿಜ. 2025ರ ಜುಲೈನ ಆ ನಿರ್ದೇಶನ 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅನ್ವಯಿಸುತ್ತದೆ. ಬಡ್ಡಿ ದರ ಬದಲಾಗುತ್ತಾ ಹೋಗುವ ಸಾಲ ಅದಾಗಿರಬೇಕು, ಪಡೆದವರು ವ್ಯಕ್ತಿಗಳೋ ಸೂಕ್ಷ್ಮ-ಸಣ್ಣ ಉದ್ದಿಮೆಗಳೋ ಆಗಿರಬೇಕು. ಕೆಲವು ವರ್ಗದ ಸಂಸ್ಥೆಗಳ ಸಾಲಕ್ಕೆ ಈ ವಿನಾಯಿತಿ 50 ಲಕ್ಷದವರೆಗೆ ಮಾತ್ರ. ನಿಮ್ಮ ಲೀಸ್ ಸಾಲವಲ್ಲ, ಅದರ ಕಂತಿನಲ್ಲಿ ಬದಲಾಗುವ ದರವೂ ಇಲ್ಲ. ಹಾಗಾಗಿ ಆ ಕೊಡೆಯ ಕೆಳಗೆ ಲೀಸ್ ನಿಲ್ಲುವುದಿಲ್ಲ. ಹತ್ತು-ಹದಿನೈದು ವರ್ಷ ಬಾಳುವ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಡಿಕೆ ಇರುವ ಲೇತ್‌ನಂಥ ಯಂತ್ರಕ್ಕೆ ಬ್ಯಾಂಕ್ ಸಾಲವೇ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬ್ಯಾಡಗಿಯಿಂದ ಬಂದವರೊಬ್ಬರು ಮೆಣಸಿನಕಾಯಿಯ ಹಂಗಾಮು ವರ್ಷದಲ್ಲಿ ಕೆಲವೇ ತಿಂಗಳು, ಬಣ್ಣ ನೋಡಿ ವಿಂಗಡಿಸುವ ಯಂತ್ರದ ಕಂತು ಮಾತ್ರ ಹನ್ನೆರಡೂ ತಿಂಗಳು, ಇದಕ್ಕೇನು ಮಾಡುವುದು ಎಂದರು. ಹಂಗಾಮಿನಲ್ಲಿ ಹೆಚ್ಚು, ಉಳಿದ ತಿಂಗಳು ಕಡಿಮೆ ಎಂದು ಕಂತನ್ನು ಹೊಂದಿಸಿ ಬರೆಯಬಹುದು. ಲೀಸ್ ಕಂಪನಿಗಳು ಇದಕ್ಕೆ ಒಪ್ಪುತ್ತವೆ, ಆದರೆ ಸಹಿಗೆ ಮುಂಚೆ ಕೇಳಬೇಕು. ಅದೇ ಹೊತ್ತಿನಲ್ಲಿ ಇನ್ನೊಂದು ಕಾಗದವನ್ನೂ ಕೇಳಿ: 12ನೇ, 24ನೇ, 36ನೇ, 48ನೇ ತಿಂಗಳಿಗೆ ಬಿಟ್ಟರೆ ಎಷ್ಟು ಕೊಡಬೇಕು ಎಂಬ ಪಟ್ಟಿ, ರೂಪಾಯಿಯಲ್ಲಿ. ಕೊಡಲು ಒಪ್ಪದ ಏಜೆಂಟನಿಗೆ ಎರಡನೇ ಚಹಾ ಬೇಡ.

ಕೊನೆಯ ಪ್ರಶ್ನೆ ಧಾರವಾಡದ ಮಹಿಳಾ ಉದ್ಯಮಿಯೊಬ್ಬರದು. ಲೀಸ್ ಪೂರ್ತಿ ಐದು ವರ್ಷ ಮುಗಿದರೂ ಕಂತು ಕಟ್ಟಾಗುತ್ತಲೇ ಇದೆಯಂತೆ. ಮುಗಿಯುವ ಇಂತಿಷ್ಟು ದಿನ ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಡದಿದ್ದರೆ ಲೀಸ್ ತಾನಾಗಿಯೇ ಮುಂದುವರಿಯುತ್ತದೆ ಎಂಬ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ, ಅವರದರಲ್ಲೂ ಇದ್ದಿರಬೇಕು. ಮೊದಲು ಆ ಪುಟ ತೆಗೆದು ಓದಿ, ಇವತ್ತಿನ ದಿನಾಂಕ ಹಾಕಿದ ನೋಟಿಸನ್ನು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ಎಂದೆ. ಲೆಕ್ಕ ಚುಕ್ತಾ ಆದ ಮೇಲೆ ಬಾಕಿ ಇಲ್ಲವೆಂಬ ಪತ್ರ, ಖಾಲಿ ಚೆಕ್ಕುಗಳು, ಜಾಮೀನು ಪತ್ರ ಮೂರೂ ವಾಪಸು ಬರಬೇಕು, ಆಮೇಲೆ ಬ್ಯಾಂಕಿನಲ್ಲಿ ನ್ಯಾಚ್ ರದ್ದು ಮಾಡಿಸಬೇಕು. ಅವರು ಕರಾರಿನ ಪ್ರತಿಯೇ ತಮ್ಮ ಬಳಿ ಇಲ್ಲ, ಸಹಿ ಹಾಕಿದ ದಿನ ಏಜೆಂಟ್ ಒಯ್ದವನು ಮರಳಿ ಕೊಟ್ಟಿಲ್ಲ ಎಂದರು. ಹಾಗಿದ್ದರೆ ಮೊದಲ ಪತ್ರ ಆ ಪ್ರತಿಗಾಗಿಯೇ ಬರೆಯಬೇಕು.